ಸಣ್ಣ ತಂತಿ, ದೊಡ್ಡ ಕೆಲಸ

ಬಚ್ಚಲುಮನೆಯಲ್ಲಿ ಬಿಸಿನೀರಿನ ಹಬೆ ತುಂಬುತ್ತೆ. ಗೋಡೆ ಒಣಗೋದಿಲ್ಲ. ಬೂಷ್ಟು ಹಿಡಿಯುತ್ತೆ. ಹಬೆ ಹೊರಗೆ ಹೋಗಲಿ ಅಂತ ಗೋಡೆಗೆ ಚಿಕ್ಕ ಫ್ಯಾನು ಹಾಕಿಸುತ್ತೇವೆ. ಇದೇ ಎಕ್ಸಾಸ್ಟ್ ಫ್ಯಾನು.

ಇದಕ್ಕೆ ಕರೆಂಟು ಎಲ್ಲಿಂದ? ಬಲ್ಬಿನ ಲೈನಿನಿಂದಲೇ ಕೊಡಿಸಬಹುದು. ಚಿಕ್ಕ ಫ್ಯಾನಿಗೆ ಸುಮಾರು 40 ವ್ಯಾಟ್ ಸಾಕು. ನೀರು ಕಾಯಿಸುವ ಕಾಯಿಲ್ ಹಾಗಲ್ಲ. ಅದಕ್ಕೆ 1500 ವ್ಯಾಟ್ ಬೇಕು. ಅದನ್ನು ಬಲ್ಬಿನ ಲೈನಿಗೆ ಸಿಕ್ಕಿಸಬಾರದು. ಅದಕ್ಕೆ ದಪ್ಪ ವೈರಿನ ಬೇರೆ ಲೈನು, ದೊಡ್ಡ ಪ್ಲಗ್ಗು ಬೇಕು.

ಬಲ್ಬಿನ ಲೈನಿಗೆ ಸಾಮಾನ್ಯವಾಗಿ 5 ಆಂಪಿಯರ್ ಫ್ಯೂಸ್ ಇರುತ್ತೆ. ಬಿಳಿ ಪಿಂಗಾಣಿಯ ಒಳಗೆ ಕೂದಲಿನಂಥ ತಂತಿ. ಲೈನಿನ ಕರೆಂಟೆಲ್ಲ ಅದರ ಮೂಲಕವೇ ಹೋಗಬೇಕು. ಕರೆಂಟು ಮಿತಿ ಮೀರಿದರೆ ತಂತಿ ಕಾದು ಕರಗುತ್ತೆ. ಲೈನು ನಿಲ್ಲುತ್ತೆ. ಗೋಡೆಯೊಳಗಿನ ವೈರು ಉಳಿಯುತ್ತೆ.

ಫ್ಯೂಸ್ ಹೋಯಿತು ಅಂದರೆ, ಅದು ತನ್ನ ಕೆಲಸ ಮಾಡಿತು ಅಂತ ಅರ್ಥ.

ನಾವೇನು ಮಾಡುತ್ತೇವೆ? "ಪದೇ ಪದೇ ಹೋಗುತ್ತೆ" ಅಂತ ದಪ್ಪ ತಂತಿ ಸುತ್ತುತ್ತೇವೆ. ಕೆರೆ ತುಂಬಿದರೆ ನೀರು ಕೋಡಿಯಲ್ಲಿ ಹೋಗಬೇಕು. ಕೋಡಿ ಮುಚ್ಚಿದರೆ ಏರಿ ಒಡೆಯುತ್ತೆ. ಇಲ್ಲೂ ಹಾಗೇ. ದಪ್ಪ ತಂತಿ ಕರಗೋದಿಲ್ಲ. ಗೋಡೆಯ ವೈರು ಕಾಯುತ್ತೆ. ಮನೆಗೆ ಬೆಂಕಿ ಬೀಳಬಹುದು. ಫ್ಯೂಸ್ ಪದೇ ಪದೇ ಹೋದರೆ ವೈರ್‌ಮನ್ ಕರೆಸಿ, ಎಲ್ಲಿ ತಪ್ಪಿದೆ ಅಂತ ನೋಡಿಸೋಣ. ಫ್ಯೂಸಿನ ಬದಲು ಎಂಸಿಬಿ ಇದ್ದರೂ ಮಾತು ಇದೇ. ಬಿದ್ದುಬಿದ್ದು ಹೋಗುತ್ತೆ ಅಂತ ದೊಡ್ಡದು ಹಾಕಿಸಬಾರದು.

ಇನ್ನೊಂದು ಮಾತು. ಫ್ಯೂಸ್ ಕಾಯೋದು ವೈರನ್ನು, ನಮ್ಮನ್ನಲ್ಲ. ಜೀವ ಹೋಗಲು 5 ಆಂಪಿಯರ್ ಬೇಡ, ಅದರ ಒಂದು ಚೂರು ಸಾಕು. ಅಷ್ಟಕ್ಕೆ ಫ್ಯೂಸ್ ಹೋಗೋದೇ ಇಲ್ಲ. ಅದಕ್ಕೇ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು.

ಫ್ಯಾನು ಹಾಕುವ ಕೆಲಸ ಲೈಸೆನ್ಸ್ ಇರುವ ವೈರ್‌ಮನ್ ಮಾಡಲಿ. ನಾವು ಹತ್ತಿರ ನಿಂತು ಕೇಳೋಣ:

ಮೇನ್ ಸ್ವಿಚ್ ಆಫ್ ಮಾಡಿದಿರಾ?
ಫ್ಯಾನಿನ ಸ್ವಿಚ್ ಬಚ್ಚಲಿನ ಹೊರಗೆ ಇದೆಯಾ?
ಕಬ್ಬಿಣದ ಫ್ಯಾನಿಗೆ ಅರ್ತ್ ವೈರ್ ಕೊಟ್ಟಿರಾ?
ಫ್ಯೂಸಿಗೆ 5 ಆಂಪಿಯರ್ ತಂತಿಯನ್ನೇ ಹಾಕಿದಿರಾ?

ಎಷ್ಟು ವ್ಯಾಟ್ ಅಂತ ಫ್ಯಾನಿನ ಡಬ್ಬಿಯ ಮೇಲೆ ಬರೆದಿರುತ್ತೆ. ತಂತಿಯ ಸುರುಳಿಯ ಮೇಲೆ ಆಂಪಿಯರ್ ಇರುತ್ತೆ. ಮೊದಲು ಅಂಗಡಿಯವರು ಹೇಳಿದ್ದನ್ನೇ ನಂಬುತ್ತಿದ್ದೆವು. ಈಗ ಅಂಕಿ ಓದಲು ಬರುತ್ತೆ. ಓದಿ ನೋಡಿಯೇ ತರೋಣ.