ಹುಟ್ಟಿದ ನೆಲವೋ, ಹೆತ್ತವರ ನೆಲವೋ?

1895ರ ಆಗಸ್ಟ್ ತಿಂಗಳು. ಚೀನಾದಿಂದ ಬಂದ ‘ಕಾಪ್ಟಿಕ್’ ಹಡಗು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬಂದರಿನಲ್ಲಿ ನಿಂತಿತ್ತು. ಅದರಲ್ಲಿದ್ದ ವಾಂಗ್ ಕಿಮ್ ಆರ್ಕ್ ಎಂಬ ಯುವಕ ಅಡುಗೆ ಕೆಲಸದವನು. ಹುಟ್ಟಿದ್ದು ಅದೇ ಊರಿನಲ್ಲಿ. ಚೀನಾಕ್ಕೆ ಹೋಗಿ ಮನೆಗೆ ಮರಳುತ್ತಿದ್ದ. ಆದರೆ ಸುಂಕದ ಅಧಿಕಾರಿ ಅವನನ್ನು ಇಳಿಯಲು ಬಿಡಲಿಲ್ಲ. ತಂದೆತಾಯಿ ಚೀನೀಯರಾದ್ದರಿಂದ ಮಗನೂ ಅಮೆರಿಕದ ಪ್ರಜೆಯಲ್ಲ ಎಂಬುದು ಸರಕಾರದ ವಾದ. ಹುಟ್ಟಿದ ಊರು ಕಣ್ಣೆದುರೇ ಇದ್ದರೂ ಅವನು ತಿಂಗಳುಗಟ್ಟಲೆ ಹಡಗುಗಳಲ್ಲೇ ಕಾಲ ಕಳೆಯಬೇಕಾಯಿತು.

ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಅಮೆರಿಕದಲ್ಲಿ ಹುಟ್ಟಿ ಅದರ ಕಾನೂನಿನ ವ್ಯಾಪ್ತಿಗೆ ಒಳಪಟ್ಟವರೆಲ್ಲರೂ ಪ್ರಜೆಗಳು ಎಂದು ಆ ದೇಶದ ಸಂವಿಧಾನದ 14ನೇ ತಿದ್ದುಪಡಿ 1868ರಲ್ಲಿಯೇ ಸಾರಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಮನಸ್ಸಿನಲ್ಲಿಟ್ಟು ಬರೆದ ಆ ಮಾತೇ ಅಡುಗೆಯವನ ಕೈಹಿಡಿಯಿತು. 1898ರ ಮಾರ್ಚ್ 28ರಂದು ಆರು ನ್ಯಾಯಮೂರ್ತಿಗಳು ಅವನ ಪರ, ಇಬ್ಬರು ವಿರುದ್ಧ ನಿಂತರು. ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರಿಗೆ ಮಾತ್ರ ಈ ಹಕ್ಕಿಲ್ಲ.

ತಾತ್ಕಾಲಿಕ ವೀಸಾದ ಮೇಲೆ ಅಲ್ಲಿ ನೆಲೆಸಿದ ನಮ್ಮ ಎಂಜಿನಿಯರುಗಳ ಮಕ್ಕಳು ಅಮೆರಿಕದ ಪಾಸ್‌ಪೋರ್ಟ್ ಪಡೆಯುತ್ತ ಬಂದದ್ದು ಈ ತೀರ್ಪಿನ ಬಲದಿಂದಲೇ. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ ಇಂಥ ಮಕ್ಕಳನ್ನೂ ಹೊರಗಿಡಲು ನೋಡಿತು. ಜಾರಿಗೆ ಬರುವ ಮೊದಲೇ ಕೆಳ ನ್ಯಾಯಾಲಯಗಳು ತಡೆಯೊಡ್ಡಿದವು. ವಕೀಲರು ಮತ್ತೆ ವಾಂಗ್ ಕಿಮ್ ಆರ್ಕ್‌ನ ಹೆಸರು ಹೇಳತೊಡಗಿದರು.

ಕೆನಡಾ, ಮೆಕ್ಸಿಕೋ, ಬ್ರೆಜಿಲ್‌ಗಳಲ್ಲಿಯೂ ಹುಟ್ಟಿದ ನೆಲವೇ ಮುಖ್ಯ. ಜಪಾನಿನಲ್ಲಿ ಹೆತ್ತವರ ಪೌರತ್ವ ನೋಡುತ್ತಾರೆ. ಈ ನೆಲದ ನಿಯಮವನ್ನು ಲೋಕಕ್ಕೆ ಹಂಚಿದ ಬ್ರಿಟನ್ನೇ 1983ರ ಜನವರಿ 1ರಿಂದ ಅದನ್ನು ಬಿಗಿಗೊಳಿಸಿತು ಎಂಬುದು ತಮಾಷೆಯ ಸಂಗತಿ. 1986ರಲ್ಲಿ ಆಸ್ಟ್ರೇಲಿಯಾ, 2005ರಲ್ಲಿ ಐರ್ಲೆಂಡ್, 2006ರಲ್ಲಿ ನ್ಯೂಜಿಲೆಂಡ್ ಅದೇ ದಾರಿ ಹಿಡಿದವು. ರಕ್ತಸಂಬಂಧವನ್ನೇ ನಂಬಿದ್ದ ಜರ್ಮನಿ ಮಾತ್ರ 2000ದಲ್ಲಿ ಬಾಗಿಲನ್ನು ತುಸು ತೆರೆಯಿತು.

ನಮ್ಮಲ್ಲಿಯೂ ನಿಯಮ ಹೀಗೆಯೇ ಬಿಗಿಯಾಗುತ್ತ ಬಂತು. ಭಾರತದ ಪ್ರಜೆಗಳಲ್ಲದ ದಂಪತಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ 1987ರ ಜೂನ್ 30ರಂದು ಮಗು ಹುಟ್ಟಿತೆನ್ನಿ. ರಾಯಭಾರಿಯ ಮಗುವಲ್ಲವಾದರೆ ಅದು ಭಾರತದ ಪ್ರಜೆ. ಮರುದಿನ ಪಕ್ಕದ ಹಾಸಿಗೆಯಲ್ಲಿ ಅಂಥದೇ ದಂಪತಿಗೆ ಹುಟ್ಟಿದ ಮಗು ಅಲ್ಲ! ಜುಲೈ 1ರಿಂದ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕೆಂಬ ಷರತ್ತು ಬಂತು. 2004ರ ಡಿಸೆಂಬರ್ 3ರಿಂದ ಇನ್ನೊಂದು ಗಂಟು: ಒಬ್ಬರು ಭಾರತೀಯರಾಗಿದ್ದರೂ ಇನ್ನೊಬ್ಬರು ಅಕ್ರಮ ವಲಸಿಗರಾಗಿರಕೂಡದು. ಹೀಗಾಗಿ ಜನನ ಪ್ರಮಾಣಪತ್ರದಲ್ಲಿ ಊರಿನಷ್ಟೇ ತಾರೀಖೂ ಮುಖ್ಯ.

ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಅವಕಾಶವಿಲ್ಲ. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ‘ಸಾಗರೋತ್ತರ ನಾಗರಿಕ’ ಕಾರ್ಡ್ ಸಿಗಬಹುದು. ಅದರಿಂದ ಬಂದುಹೋಗುವುದು ಸುಲಭ, ಆದರೆ ಮತದಾನದ ಹಕ್ಕಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಕೊಲ್ಲಿ ದೇಶಗಳಲ್ಲಿರುವ ಮಂಗಳೂರು, ಉಡುಪಿ, ಭಟ್ಕಳದ ಕುಟುಂಬಗಳಿಗೆ. ದುಬೈಯಲ್ಲಿ ಹುಟ್ಟಿದ ಮಾತ್ರಕ್ಕೆ ಅವರ ಮಗುವಿಗೆ ಅಲ್ಲಿನ ಪೌರತ್ವವಿಲ್ಲ. ಭಾರತದ ಪೌರತ್ವವೂ ತಾನಾಗಿ ಬರುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರಕಾರದ ಅನುಮತಿ ಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕಾದದ್ದೂ ಆ ಅರ್ಜಿಯ ಜೊತೆಗೇ.