ಪಂಪು ದೊಡ್ಡದಾದರೆ ಸಾಲದು

ಚಿಕ್ಕಮಗಳೂರು ಜಿಲ್ಲೆಗೆ ಕಾರು ರ‍್ಯಾಲಿ ಹೊಸದಲ್ಲ. ಭಾರತದ ರ‍್ಯಾಲಿ ಚಾಲಕ ಗೌರವ್ ಗಿಲ್ 2016 ಮತ್ತು 2017ರಲ್ಲಿ ಸ್ಕೋಡಾ ಫ್ಯಾಬಿಯಾ ಆರ್5 ಓಡಿಸಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದಾಗ, ಆ ಸರಣಿಯ ಭಾರತದ ಸುತ್ತು ನಡೆದದ್ದು ಇದೇ ಜಿಲ್ಲೆಯ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ. ಆ ಕಾರಿನದು 1.6 ಲೀಟರಿನ ಪುಟ್ಟ ಎಂಜಿನ್. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಸೇರಿದ್ದರಿಂದ ಅದು ಕೊಡುವ ಶಕ್ತಿ ಮಾತ್ರ ಸುಮಾರು 280 ಎಚ್‌ಪಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕಾರು, ಜೀಪುಗಳ ಹುಚ್ಚಿರುವ ಹುಡುಗರಿಗೆ ತಮ್ಮ ಗಾಡಿಯ ಶಕ್ತಿಯನ್ನೂ ಹೆಚ್ಚಿಸಬೇಕೆನಿಸುವುದು ಸಹಜ. ಆಗ ಮೊದಲು ಮಾತು ಬರುವುದು ಟರ್ಬೊ, ಇಸಿಯು (ಎಂಜಿನ್ನಿನ ಕಂಪ್ಯೂಟರ್), ಸೈಲೆನ್ಸರುಗಳದ್ದು. ಪೆಟ್ರೋಲು ಟ್ಯಾಂಕಿನಿಂದ ಎಂಜಿನ್ನಿಗೆ ಬರುವ ಹಾದಿಯ ಬಗ್ಗೆ ಯೋಚಿಸುವವರು ಕಡಿಮೆ. ಎಂಜಿನ್ ಉಳಿಯುವುದೂ ಕೆಡುವುದೂ ಹೆಚ್ಚಾಗಿ ಆ ಹಾದಿಯ ಮೇಲೆಯೇ ನಿಂತಿದೆ.

ಪೆಟ್ರೋಲು ಪೂರ್ತಿ ಉರಿಯಲು ತನ್ನ ತೂಕದ 14.7 ಪಟ್ಟು ಗಾಳಿ ಬೇಕು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಟ್ಯೂನರುಗಳು ಬೇಕೆಂದೇ ಇದಕ್ಕಿಂತ ಹೆಚ್ಚು ಪೆಟ್ರೋಲು ಬಿಡುತ್ತಾರೆ. ಆ ಹೆಚ್ಚುವರಿ ಪೆಟ್ರೋಲು ಆವಿಯಾಗುವಾಗ ಸಿಲಿಂಡರಿನ ಶಾಖವನ್ನು ಹೀರಿಕೊಳ್ಳುತ್ತದೆ. ಇಂಥ ಹೊತ್ತಿನಲ್ಲಿ ಟ್ಯಾಂಕಿನಿಂದ ಪೆಟ್ರೋಲು ನೂಕುವ ಪಂಪು ಸೋತು ಪೆಟ್ರೋಲು ಕಡಿಮೆಯಾದರೆ ಮಿಶ್ರಣ 'ಲೀನ್' ಆಗುತ್ತದೆ, ಶಾಖ ಏರುತ್ತದೆ, ಮಿಶ್ರಣ ತಾನಾಗಿಯೇ ಸಿಡಿದು ಎಂಜಿನ್ 'ನಾಕ್' ಮಾಡಲಾರಂಭಿಸುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಕೆಲವೇ ಸೆಕೆಂಡು ಹೀಗಾದರೂ ಪಿಸ್ಟನ್ನಿನ ತಲೆ ಕರಗಬಹುದು.

ಹಾಗಾದರೆ ಎಷ್ಟು ಪೆಟ್ರೋಲು ಬೇಕು? ಲೆಕ್ಕವನ್ನು ಎಂಜಿನ್ನಿನ ತುದಿಯಿಂದಲೇ ಶುರುಮಾಡಬೇಕು. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಎಚ್‌ಪಿಗೆ ಗಂಟೆಗೆ ಸುಮಾರು 30 ಲೀಟರ್ ಕುಡಿಯುತ್ತದೆ, ಟರ್ಬೊ ಇದ್ದರೆ ಸುಮಾರು 36. ಅಂದರೆ 280 ಎಚ್‌ಪಿಯ ಟರ್ಬೊ ಎಂಜಿನ್ನಿಗೆ ಗಂಟೆಗೆ ನೂರು ಲೀಟರ್. ಕಾಲು ಭಾಗ ಮೀಸಲು ಸೇರಿಸಿದರೆ 125. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಅಂಥ ಒಂದು ಲೀಟರಿನಲ್ಲಿರುವ ಶಕ್ತಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ 7 ಕಡಿಮೆ. ಆದ್ದರಿಂದ ಅಷ್ಟು ಪಾಲು ಹೆಚ್ಚು ಹರಿಯಬೇಕಾಗುತ್ತದೆ.

ಅಂಗಡಿಯಲ್ಲಿ 'ಗಂಟೆಗೆ 255 ಲೀಟರ್' ಎಂದು ಬರೆದ ಪಂಪು ಸಿಗುವಾಗ ಚಿಂತೆ ಏಕೆ ಅನಿಸಬಹುದು. ಆದರೆ ಆ ಅಂಕಿ ಒಂದು ನಿರ್ದಿಷ್ಟ ಒತ್ತಡಕ್ಕೆ, ನಿರ್ದಿಷ್ಟ ವೋಲ್ಟೇಜಿಗೆ ಮಾತ್ರ ನಿಜ. ಇಂಜೆಕ್ಟರಿಗೆ 3 ಬಾರ್ ಒತ್ತಡ ಬೇಕೆಂದುಕೊಳ್ಳಿ. ಟರ್ಬೊ 1.5 ಬಾರ್ ಗಾಳಿ ನೂಕುವಾಗ ಆ ಗಾಳಿಯನ್ನು ಮೀರಿ ಪೆಟ್ರೋಲು ಚಿಮ್ಮಬೇಕು. ಆಗ ಪಂಪು 4.5 ಬಾರ್ ಕೊಡಬೇಕು. ಒತ್ತಡ ಏರಿದಂತೆಲ್ಲ ಪಂಪಿನ ಹರಿವು ಇಳಿಯುತ್ತದೆ. ಎಂಜಿನ್ ಅತಿ ಹೆಚ್ಚು ಕೇಳುವ ಗಳಿಗೆಯೇ ಪಂಪು ಅತಿ ಕಡಿಮೆ ಕೊಡುವ ಗಳಿಗೆ. ಅದರ ಮೇಲೆ ಹಳೆಯ ತೆಳು ವೈರಿನಲ್ಲಿ ಒಂದೂವರೆ ವೋಲ್ಟ್ ಕಳೆದುಹೋದರೆ ಮೋಟಾರಿನ ವೇಗವೂ ತಗ್ಗುತ್ತದೆ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು, ನಡುವೆ ಫ್ಯೂಸು ಮತ್ತು ರಿಲೇ ಹಾಕಿದರೆ ಹಳೆಯ ಪಂಪೇ ಎಷ್ಟೋ ಸುಧಾರಿಸುವುದುಂಟು.

ಇನ್ನು ಕೊಳವೆ. ಗಂಟೆಗೆ 250 ಲೀಟರ್ ಹರಿವನ್ನು 6 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಕಳಿಸಿದರೆ ಪೆಟ್ರೋಲಿನ ವೇಗ ಸೆಕೆಂಡಿಗೆ 2.5 ಮೀಟರ್. ನಾಲ್ಕು ಮೀಟರ್ ಉದ್ದಕ್ಕೆ ಬರೀ ಘರ್ಷಣೆಯಲ್ಲೇ ಸುಮಾರು 0.4 ಬಾರ್ ಕಳೆದುಹೋಗುತ್ತದೆ. ಅದೇ ಕೊಳವೆ 8 ಮಿಲಿಮೀಟರಿನದಾದರೆ ನಷ್ಟ 0.1 ಬಾರ್. ಎರಡೇ ಮಿಲಿಮೀಟರ್ ಹೆಚ್ಚಿದ್ದಕ್ಕೆ ನಷ್ಟ ಕಾಲು ಭಾಗಕ್ಕಿಳಿಯಿತು. ಈ ವೇಗದಲ್ಲಿ ಪೆಟ್ರೋಲು ಸುಳಿಸುಳಿಯಾಗಿ ಹರಿಯುವುದರಿಂದ ಒತ್ತಡದ ನಷ್ಟ ವ್ಯಾಸದ ಹೆಚ್ಚುಕಡಿಮೆ ಐದನೇ ಘಾತಕ್ಕೆ ತಕ್ಕಂತೆ ತಗ್ಗುತ್ತದೆ. ಒಂದೊಂದು ಕಡಿದಾದ ತಿರುವು, ಒಂದೊಂದು ಕಿರಿದಾದ ಜೋಡಣೆ, ಕಸ ಕಟ್ಟಿದ ಫಿಲ್ಟರ್ ಈ ನಷ್ಟಕ್ಕೆ ತನ್ನ ಪಾಲು ಸೇರಿಸುತ್ತದೆ.

ಪಂಪಿನ ಮುಂದಿನ ಕೊಳವೆಗಿಂತ ಹಿಂದಿನ ಕೊಳವೆ ಹೆಚ್ಚು ಸೂಕ್ಷ್ಮ. ಅಡಿಕೆ ತೋಟಕ್ಕೆ ಹಳ್ಳದಿಂದ ನೀರೆತ್ತುವವರಿಗೆ ಇದನ್ನು ವಿವರಿಸಬೇಕಿಲ್ಲ. ಅವರು ಪಂಪ್‌ಸೆಟ್ಟನ್ನು ನೀರಿನ ಹತ್ತಿರ ಕೂರಿಸುತ್ತಾರೆ. ಸಕ್ಷನ್ ಪೈಪು ದಪ್ಪಗೆ, ಗಿಡ್ಡಗೆ ಇರಬೇಕು. ಡೆಲಿವರಿ ಪೈಪು ಗುಡ್ಡ ಹತ್ತಿದರೂ ಆದೀತು. ಪಂಪು ನೂಕಬಲ್ಲದು, ಎಳೆಯುವ ಶಕ್ತಿ ಅದಕ್ಕಿಲ್ಲ. ಸಕ್ಷನ್ ಪೈಪಿನೊಳಗೆ ದ್ರವವನ್ನು ಮೇಲಕ್ಕೊತ್ತುವುದು ಹೊರಗಿನ ವಾಯುಭಾರ. ಸಮುದ್ರಮಟ್ಟದಿಂದ 700 ಮೀಟರ್ ಎತ್ತರದಲ್ಲಿ ಆ ವಾಯುಭಾರ ಮಂಗಳೂರಿಗಿಂತ ಸುಮಾರು ಶೇ 8 ಕಡಿಮೆ. ಪೆಟ್ರೋಲಿಗೆ ಇನ್ನೊಂದು ತೊಡಕಿದೆ. 38 ಡಿಗ್ರಿ ಶಾಖದಲ್ಲಿ ನೀರಿನ ಆವಿಯ ಒತ್ತಡ ವಾಯುಭಾರದ ಹದಿನೈದನೇ ಒಂದು ಭಾಗ. ಪೆಟ್ರೋಲಿನದು ಅರ್ಧದ ಆಸುಪಾಸು. ಸಕ್ಷನ್ ಕಡೆ ಒತ್ತಡ ತುಸು ಕುಸಿದರೂ ಪೆಟ್ರೋಲು ಅಲ್ಲೇ ಕುದಿದು ಗುಳ್ಳೆಯಾಗುತ್ತದೆ. ಗುಳ್ಳೆ ನುಂಗಿದ ಪಂಪು ಹರಿವು ಕಳೆದುಕೊಳ್ಳುತ್ತದೆ, ಕ್ರಮೇಣ ಒಳಗಿನ ಭಾಗಗಳೂ ಸವೆಯುತ್ತವೆ. ಇಂದಿನ ಕಾರುಗಳ ಪಂಪು ಟ್ಯಾಂಕಿನೊಳಗೆ, ಪೆಟ್ರೋಲಿನಲ್ಲೇ ಮುಳುಗಿರುವುದಕ್ಕೆ ಇದೇ ಮುಖ್ಯ ಕಾರಣ. ಹೊರಗೆ ಪಂಪು ಜೋಡಿಸುವವರು ಅದನ್ನು ಟ್ಯಾಂಕಿನ ಪಕ್ಕದಲ್ಲೇ, ಆದಷ್ಟು ತಗ್ಗಿನಲ್ಲಿ ಇಡಬೇಕು.

ಮಲೆನಾಡಿನ ರಸ್ತೆಯಲ್ಲಿ ಹೇರ್‌ಪಿನ್ ತಿರುವುಗಳಿಗೆ ಬರವಿಲ್ಲ. ಟ್ಯಾಂಕು ಕಾಲು ಭಾಗವಷ್ಟೇ ತುಂಬಿದ್ದಾಗ ಜೋರಾಗಿ ತಿರುಗಿಸಿದರೆ ಪೆಟ್ರೋಲು ಒಂದು ಬದಿಗೆ ನುಗ್ಗಿ, ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ರ‍್ಯಾಲಿ ಕಾರುಗಳಲ್ಲಿ ಇದನ್ನು ತಡೆಯಲು ಸದಾ ತುಂಬಿರುವ ಚಿಕ್ಕ ಸರ್ಜ್ ಟ್ಯಾಂಕ್ ಇಟ್ಟು, ಮುಖ್ಯ ಪಂಪಿಗೆ ಅಲ್ಲಿಂದಲೇ ಪೆಟ್ರೋಲು ಕೊಡುವುದುಂಟು.

ಪಂಪು ಅತಿ ದೊಡ್ಡದಾದರೂ ಕಷ್ಟವೇ. ಎಂಜಿನ್ ಐಡಲ್‌ನಲ್ಲಿದ್ದಾಗ ಪೆಟ್ರೋಲಿನ ಬಹುಪಾಲು ರಿಟರ್ನ್ ಕೊಳವೆಯಲ್ಲಿ ಟ್ಯಾಂಕಿಗೆ ಮರಳಬೇಕು. ಆ ಕೊಳವೆ ಹಳೆಯ ಅಳತೆಯದೇ ಆಗಿ ಉಳಿದರೆ ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ಪೂರ್ತಿ ತೆರೆದರೂ ಒತ್ತಡ ಇಳಿಯದು. ಎಂಜಿನ್ ಕಪ್ಪು ಹೊಗೆ ಉಗುಳುತ್ತದೆ. ಜೊತೆಗೆ ಎಂಜಿನ್ ಕೋಣೆಯನ್ನು ಸುತ್ತಿ ಬಂದ ಪೆಟ್ರೋಲು ಇಡೀ ಟ್ಯಾಂಕನ್ನೇ ಬಿಸಿ ಮಾಡುತ್ತದೆ.

ಕೊಳವೆ ಯಾವುದರದ್ದು ಎಂಬುದೂ ಅಳತೆಯಷ್ಟೇ ಮುಖ್ಯ. ಕಾರ್ಬ್ಯುರೇಟರ್ ಎಂಜಿನ್ನಿನ ಪಂಪಿನ ಒತ್ತಡ ಕಾಲು ಬಾರಿನ ಆಸುಪಾಸು. ಇಂಜೆಕ್ಷನ್ ಎಂಜಿನ್ನಿನದು ಅದರ ಹತ್ತು ಪಟ್ಟಿಗೂ ಹೆಚ್ಚು. ಹಳೆಯ ಕಾರ್ಬ್ಯುರೇಟರ್ ಜಿಪ್ಸಿಯ ರಬ್ಬರ್ ಹೋಸನ್ನೇ ಇಂಜೆಕ್ಷನ್ನಿಗೆ ಬಳಸಿದರೆ ಅದು ಬಿಸಿ ಎಂಜಿನ್ನಿನ ಮೇಲೆ ಒಡೆಯಬಹುದು. ಎಥನಾಲ್ ತಾಳದ ರಬ್ಬರು ಬೇಗ ಬಿರಿಯುತ್ತದೆ ಕೂಡ. ಅಂತರರಾಷ್ಟ್ರೀಯ ರ‍್ಯಾಲಿ ನಿಯಮ ಎಂಜಿನ್ ನಿಂತಾಗ ಪಂಪೂ ನಿಲ್ಲಬೇಕೆನ್ನುವುದು, ಕಾರಿನೊಳಗೆ ಹಾಯುವ ಪೆಟ್ರೋಲ್ ಕೊಳವೆಗೆ ನಡುವೆ ಜೋಡಣೆ ಇರಕೂಡದೆನ್ನುವುದು ಬೆಂಕಿಯ ಭಯದಿಂದಲೇ.

ಟರ್ಬೊಗೆ ಹಣ ಹೊಂದಿಸುವ ಮೊದಲು ಒಂದು ಪರೀಕ್ಷೆಯನ್ನು ಅನುಭವಿ ಮೆಕ್ಯಾನಿಕ್ ಕೈಲಿ ಮಾಡಿಸಿ. ಗಾಳಿಯಾಡುವ ಜಾಗದಲ್ಲಿ, ಕಿಡಿಯಿಂದ ದೂರ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಟರ್ಬೊ ಪೂರ್ತಿ ಗಾಳಿ ನೂಕುವಾಗ ಬೇಕಾಗುವ ಒತ್ತಡಕ್ಕೆ ರೆಗ್ಯುಲೇಟರ್ ಹೊಂದಿಸಿ, ರಿಟರ್ನ್ ಕೊಳವೆಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಪೆಟ್ರೋಲು ಬಂತೆಂದು ಅಳೆಯಬೇಕು. ಗಂಟೆಗೆ 125 ಲೀಟರ್ ಬೇಕಿದ್ದರೆ ಅರ್ಧ ನಿಮಿಷಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಬರಬೇಕು. ಬಾರದಿದ್ದರೆ ಮೊದಲು ವೈರು, ಫಿಲ್ಟರು, ಕೊಳವೆ ನೋಡಿ. ಪಂಪು ಬದಲಿಸುವ ಮಾತು ಆಮೇಲೆ. ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಆ ಹಾದಿಯಲ್ಲಿ ಎಲ್ಲಕ್ಕಿಂತ ಕಿರಿದಾದ ಜಾಗ. ಅದು ಎಲ್ಲಿದೆಯೆಂದು ಗೊತ್ತುಮಾಡಿಕೊಂಡವರ ಗಾಡಿ ವೇಗವಾಗಿಯೂ ಓಡುತ್ತದೆ, ಬಹುಕಾಲವೂ ಬಾಳುತ್ತದೆ.