ದಪ್ಪಗಿದ್ದಾನೆ ಅಂತ ಬೆಂಚಿಗೆ ಕೂರಿಸಬೇಡಿ!

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಊರೂರಿಗೂ ಕಬಡ್ಡಿ ತಂಡ ಇರುತ್ತೆ. ತಂಡ ಆರಿಸುವಾಗ ಎಲ್ಲರ ಕಣ್ಣೂ ಹುರಿಗಟ್ಟಿದ ಮೈಯ ರೈಡರ್ ಮೇಲೆ. ಅಗಲ ಭುಜ, ದಪ್ಪ ತೊಡೆಯ ಹುಡುಗನಿಗೆ ಮಾತ್ರ ‘ನಿನ್ ಕೈಲಿ ಓಡೋಕಾಗಲ್ಲ, ಕೂತ್ಕೊಳೋ’ ಅನ್ನೋ ಮಾತು. ವಾರವೆಲ್ಲಾ ಕೆಲಸ, ಭಾನುವಾರ ಊರ ಹುಡುಗರ ಜೊತೆ ಅಂಕಣದಲ್ಲಿ ಇರೋ ನಾನು ಹೇಳೋದು ಇಷ್ಟೇ: ಅವನನ್ನು ಕೂರಿಸಬೇಡಿ, ಅವನ ಸುತ್ತಲೇ ತಂಡ ಕಟ್ಟಿ.

ಅಮೆರಿಕನ್ ಫುಟ್‌ಬಾಲ್ ನೋಡಿ. ಚೆಂಡು ಹಿಡಿದು ಓಡುವವನ ಮುಂದೆ ಐವರು ದೈತ್ಯರು ಸಾಲಾಗಿ ನಿಂತು ಎದುರಾಳಿಯನ್ನು ತಳ್ಳಿ ದಾರಿ ಬಿಡಿಸುತ್ತಾರೆ. 2024ರ ಸೀಸನ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿ 2,005 ಗಜ ಓಡಿದ. ದಾರಿ ಬಿಡಿಸಿದವರಲ್ಲಿ ಒಬ್ಬ ಸುಮಾರು 165 ಕೆಜಿ ತೂಕದ ಜೋರ್ಡನ್ ಮೈಲಾಟಾ. ಆಸ್ಟ್ರೇಲಿಯಾದ ಈ ರಗ್ಬಿ ಹುಡುಗನನ್ನು 2018ರಲ್ಲಿ ತಂಡ ಆರಿಸಿಕೊಂಡಾಗ, ಅವನು ಆ ಆಟದ ಒಂದು ಪಂದ್ಯವನ್ನೂ ಆಡಿರಲಿಲ್ಲ! 2025ರ ಫೆಬ್ರವರಿಯಲ್ಲಿ ಅದೇ ತಂಡ ಸೂಪರ್ ಬೌಲ್ ಗೆದ್ದಿತು.

ನಮ್ಮ ಆಟದಲ್ಲೂ ಉದಾಹರಣೆ ಇದೆ. 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಪ್ರೊ ಕಬಡ್ಡಿ ಗೆದ್ದದ್ದು 28-25ರಿಂದ. ಕೋಚ್ ನಮ್ಮವರೇ, ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ ಬಿ.ಸಿ. ರಮೇಶ್. ಆ ಸೀಸನ್‌ನಲ್ಲಿ ಹಿಡಿತದಿಂದಲೇ 99 ಅಂಕ ತಂದದ್ದು ಇರಾನಿನ ಗಟ್ಟಿ ಆಳು ಮೊಹಮ್ಮದ್‌ರೆಝಾ ಶಾದ್ಲೂಯಿ. ಹರಾಜಿನಲ್ಲಿ ಅವನಿಗೆ ಕೊಟ್ಟದ್ದು 2.35 ಕೋಟಿ ರೂಪಾಯಿ.

ಲೆಕ್ಕ ಹೇಗೆ?

ಒಂದು ರೈಡ್‌ಗೆ 30 ಸೆಕೆಂಡ್. ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವೇ ಔಟ್. ಹಾಗಾಗಿ ನಿಮ್ಮ ಡಿಫೆನ್ಸ್ ಆತುರಪಡದೆ ಎದುರಾಳಿಯನ್ನು ಎರಡು ಸಲ ಬರಿಗೈಲಿ ಕಳಿಸಿದರೆ ಸಾಕು. ಮೂರನೇ ಸಲ ಅವನು ಒಳಗೆ ಬರಲೇಬೇಕು. ಅಲ್ಲೇ ನಮ್ಮ ದೊಡ್ಡ ಮೈಯವನಿಗೆ ಕೆಲಸ.

ಅವನನ್ನು ಕಾರ್ನರ್‌ಗೆ ಹಾಕಬೇಡಿ. ಅಲ್ಲಿ ಬಗ್ಗಿ ಕಾಲು ಹಿಡಿಯುವ ಚುರುಕು ಬೇಕು. ಕವರ್‌ನಲ್ಲಿ ನಿಲ್ಲಿಸಿ. ಕಾರ್ನರ್‌ನವನು ಪಾದ ಹಿಡಿದ ಕ್ಷಣ ಇವನು ಎರಡೇ ಹೆಜ್ಜೆ ಇಟ್ಟು ರೈಡರ್‌ಗೂ ಮಧ್ಯದ ಗೆರೆಗೂ ನಡುವೆ ಗೋಡೆಯಾಗಬೇಕು. ಇಲ್ಲವೇ ಒಂದೇ ಡ್ಯಾಶ್‌ಗೆ ಅಂಕಣದಿಂದ ಆಚೆ ತಳ್ಳಬೇಕು. ನಮ್ಮ ರೈಡರ್ ಕೂಡ ಅಷ್ಟೇ: ಬಾಕ್ ಲೈನ್ ದಾಟಿ ಸುರಕ್ಷಿತವಾಗಿ ವಾಪಸ್ ಬಂದರೂ ಸಾಕು, ಗಡಿಯಾರ ಓಡುತ್ತೆ. ಇದು ಮುನ್ನಡೆ ಇದ್ದಾಗ ಸರಿ. ಹಿಂದಿದ್ದಾಗ ಅಂಕ ತರುವ ರೈಡರ್ ಬೇಕೇ ಬೇಕು.

ತೊಂದರೆ ಇಲ್ಲವೆಂದಲ್ಲ. ಅಂಕಣದಲ್ಲಿ ನಮ್ಮವರು ಮೂವರೇ ಉಳಿದಾಗ ಭಾರದ ಹುಡುಗನಿಗೆ ಅಷ್ಟಗಲ ಕಾಯೋದು ಕಷ್ಟ. ಆದರೆ ಆಗಲೇ ಒಂದು ಹಿಡಿತಕ್ಕೆ ಎರಡು ಅಂಕ! ಅದಕ್ಕೇ ಅವನಿಗೆ ಮೈಲುಗಟ್ಟಲೆ ಓಟ ಬೇಡ. ಬಸ್ಕಿ, ಅಡ್ಡ ಹೆಜ್ಜೆ, ಐದು ಸೆಕೆಂಡಿನ ಬಿರುಸು ಓಟ ಮಾಡಿಸಿ. ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಹಾಕುತ್ತಾ ರಾತ್ರಿಯಿಡೀ ಎದ್ದಿದ್ದವನಿಗೆ ಮರುದಿನ ಅಭ್ಯಾಸವೇ ಬೇಡ, ನಿದ್ದೆ ಬೇಕು.

ತೂಕದ ಎಚ್ಚರ

ಸೀನಿಯರ್ ಪುರುಷರಿಗೆ 85 ಕೆಜಿ ಮಿತಿ. ತೂಕ ಹಾಕೋ ಹಿಂದಿನ ದಿನ ನೀರು ಬಿಟ್ಟು, ಜಾಕೆಟ್ ತೊಟ್ಟು ಬೆವರು ಸುರಿಸೋ ಚಾಳಿ ಹುಡುಗರಲ್ಲಿದೆ. ಇದು ಜೀವಕ್ಕೇ ಕುತ್ತು. ದೊಡ್ಡ ಮೈಯವನನ್ನು ಬಳಸಿಕೊಳ್ಳಬೇಕು ಅಂದರೆ ಅವನ ಊಟದ ಜವಾಬ್ದಾರಿಯೂ ತಂಡದ್ದೇ. ತಿಂಗಳುಗಟ್ಟಲೆ ಮೊದಲೇ ಲೆಕ್ಕ ಹಾಕಿ ನಿಧಾನವಾಗಿ ಇಳಿಸಿ. 95 ಕೆಜಿ ಇದ್ದವನನ್ನು ಒಂದು ವಾರದಲ್ಲಿ 85ಕ್ಕೆ ಎಳೆಯಬೇಡಿ. ಅವನಿಗೆ ಮಿತಿ ಇಲ್ಲದ ಊರ ಪಂದ್ಯಾವಳಿಯೇ ಸರಿ.

ಈ ಸಲದ ತಾಲ್ಲೂಕು ದಸರಾ ಕ್ರೀಡಾಕೂಟಕ್ಕೆ ತಂಡದ ಪಟ್ಟಿ ಬರೆಯುವಾಗ ಮೊದಲು ಇಬ್ಬರು ಕವರ್‌ಗಳ ಹೆಸರು ಬರೆಯಿರಿ. ರೈಡರ್ ಹೆಸರು ಹೇಗೂ ಊರೇ ಹೇಳುತ್ತೆ.